ಕಾಫಿ ತೋಟಕ್ಕೆ 500 ವ್ಯಾಟ್-ಅವರ್ ಪವರ್ ಸ್ಟೇಷನ್: ಎಷ್ಟು ಬ್ಯಾಟರಿ ತುಂಬುತ್ತದೆ, ಎಲ್ಲಿ ಕೈಕೊಡುತ್ತದೆ

ಮರಗಸಿಗೆ, ಅಂದರೆ ನೆರಳು ಮರದ ಕೊಂಬೆ ಸವರಲು, ಕತ್ತಿ, ಕೊಡಲಿ, ಏಣಿಯ ಜೊತೆ ಈಗ 6 ಇಂಚಿನ ಬ್ಯಾಟರಿ ಗರಗಸವೂ ತೋಟಕ್ಕೆ ಹೋಗುತ್ತಿದೆ. ಗಿಡ ಕಸಿಗೆ (ಕಾಫಿ ಗಿಡದ ರೆಂಬೆ ಸವರಲು) ಬ್ಯಾಟರಿ ಕತ್ತರಿ, ಆನೆ ಮುರಿದುಹೋದ ಬೇಲಿಯ ಆಂಗಲ್‌ಗೆ ತೂತು ಕೊರೆಯಲು ಡ್ರಿಲ್, ಪಂಪ್‌ಹೌಸ್ ಷೀಟಿಗೆ ಗ್ರೈಂಡರ್. ಮೂಡಿಗೆರೆಯಾಗಲಿ, ಸಕಲೇಶಪುರದ ಹೆತ್ತೂರು ಕಡೆಯಾಗಲಿ, ತೊಡಕು ಒಂದೇ. ಹನ್ನೊಂದು ಗಂಟೆಗೆಲ್ಲ ಬ್ಯಾಟರಿ ಖಾಲಿ, ಕರೆಂಟ್ ಇರುವುದು ಮನೆಯಲ್ಲಿ, ನಡುವೆ ಏರಿಳಿತದ ಎರಡು ಕಿಲೋಮೀಟರ್ ದಾರಿ. ಈ ತೊಡಕಿಗೆ ಮದ್ದು ಎಂದು ಅಂಗಡಿಯವರು ತೋರಿಸುವುದು ಕೈಹಿಡಿ ಇರುವ ಪವರ್ ಸ್ಟೇಷನ್ ಪೆಟ್ಟಿಗೆಯನ್ನು. ಒಳಗೆ ಲಿಥಿಯಂ ಬ್ಯಾಟರಿ, ಅದರ ಡಿಸಿಯನ್ನು ಮನೆಯ ಎಸಿ ಕರೆಂಟಾಗಿಸುವ ಇನ್ವರ್ಟರ್, ಸೋಲಾರ್ ಕಂಟ್ರೋಲರ್ ಎಲ್ಲ ಒಟ್ಟಿಗೆ. ಹೆಚ್ಚು ಮಾರಾಟವಾಗುವ 500 ವ್ಯಾಟ್-ಅವರ್ (ತುಂಬಿಟ್ಟ ವಿದ್ಯುತ್ತಿನ ಲೆಕ್ಕ) ಅಳತೆಯ ಪೆಟ್ಟಿಗೆ, ಅದಕ್ಕೆ ಬದಲಿಯಾಗಿ ಕೈಯಾರೆ ಜೋಡಿಸುವ 12 ವೋಲ್ಟ್ ಡಬ್ಬ, ಜೀಪಿನ ಸಾಕೆಟ್, ಮಡಚುವ ಸೋಲಾರ್ ಪ್ಯಾನೆಲ್, ಈ ನಾಲ್ಕನ್ನೂ ಇಲ್ಲಿ ತೋಟದ ಕಣ್ಣಿನಲ್ಲಿ ನೋಡಲಾಗಿದೆ. ಯಾವುದೇ ಒಂದು ಕಂಪನಿಯ ಮಾಡೆಲ್ಲಿನ ವಿಮರ್ಶೆ ಇದಲ್ಲ. ಈ ಅಳತೆಯ ಪೆಟ್ಟಿಗೆಗಳ ಹಣೆಬರಹವೆಲ್ಲ ಹೆಚ್ಚುಕಡಿಮೆ ಒಂದೇ.

ಒಂದು ಮಾತು ಮೊದಲೇ ಹೇಳಿಬಿಡುವುದು ಒಳ್ಳೆಯದು. ಪವರ್ ಸ್ಟೇಷನ್ ಎಂದರೆ ಕೊಡ, ಬಾವಿಯಲ್ಲ. ಮನೆಯಲ್ಲಿ ತುಂಬಿಸಿಕೊಂಡು ಹೋದಷ್ಟೇ ಅದರಲ್ಲಿರುವುದು. ಸೋಲಾರ್ ಇದೆಯಲ್ಲ, ತಾನೇ ತುಂಬಿಕೊಳ್ಳುತ್ತದೆ ಎಂದು ನಂಬಿ ಕೊಂಡವರಿಗೆ ಆರಿದ್ರಾ ಮಳೆ ಹಿಡಿದ ವಾರದಲ್ಲೇ ಉತ್ತರ ಸಿಗುತ್ತದೆ.

ಲೆಕ್ಕ

18 ವೋಲ್ಟಿನ ಟೂಲ್ ಬ್ಯಾಟರಿಯಲ್ಲಿ ತಲಾ 3.6 ವೋಲ್ಟಿನ ಐದು ಸೆಲ್ ಸಾಲಾಗಿರುತ್ತವೆ. ಪೂರ್ತಿ ತುಂಬಿದಾಗ 21 ವೋಲ್ಟ್ ಹತ್ತಿರ ತೋರಿಸುತ್ತದೆ. ಡಿವಾಲ್ಟ್‌ನವರ 20 ವೋಲ್ಟ್ ಮ್ಯಾಕ್ಸ್ ಕೂಡ ಇದೇ ಐದು ಸೆಲ್ಲಿನದು, ಹೆಸರಷ್ಟೇ ಬೇರೆ. ಬ್ರಾಂಡಿಲ್ಲದ ಗರಗಸದ ಮೇಲೆ 48 ವೋಲ್ಟ್, 88 ವಿಎಫ್ ಎಂದೆಲ್ಲ ದಪ್ಪಕ್ಷರದಲ್ಲಿ ಬರೆದಿದ್ದರೂ ಬಿಚ್ಚಿ ನೋಡಿದರೆ ಸಾಮಾನ್ಯವಾಗಿ ಸಿಗುವುದು ಅದೇ ಐದರ ಸಾಲು. ಹಾಗಾಗಿ ವೋಲ್ಟ್ ಬಿಡಿ, ವ್ಯಾಟ್-ಅವರ್ ಹಿಡಿಯಿರಿ. 18 ವೋಲ್ಟ್ 2 ಎಎಚ್ (ಆಂಪಿಯರ್-ಅವರ್) ಎಂದರೆ ಎರಡನ್ನೂ ಗುಣಿಸಿ 36 ವ್ಯಾಟ್-ಅವರ್, 4 ಎಎಚ್ ಎಂದರೆ 72, 5 ಎಎಚ್ ಎಂದರೆ 90.

ಆ 90 ವ್ಯಾಟ್-ಅವರ್ ಬ್ಯಾಟರಿಗೆ ಹೋಗಬೇಕಾದರೆ ಚಾರ್ಜರ್ ತನ್ನ ಪಾಲಿನ ಶಾಖ ಕಳೆದುಕೊಂಡು ಪ್ಲಗ್ಗಿನಿಂದ ಸುಮಾರು 105 ಎಳೆಯುತ್ತದೆ. ಸ್ಟೇಷನ್ನಿನ ಇನ್ವರ್ಟರ್ ನೂರಕ್ಕೆ ಇನ್ನೊಂದು 14 ಭಾಗದಷ್ಟು ನುಂಗುತ್ತದೆ. 512 ವ್ಯಾಟ್-ಅವರ್ ಎಂದು ಬರೆದ ಪೆಟ್ಟಿಗೆಯಿಂದ ಪ್ಲಗ್ಗಿಗೆ ಬರುವುದು ಹೆಚ್ಚೆಂದರೆ 440. ಅಂದರೆ 5 ಎಎಚ್ ಬ್ಯಾಟರಿ ನಾಲ್ಕು. ಐದು, ಆರು ಎಂದು ಹೇಳುವ ಅಂಗಡಿಯವರು 512ನ್ನು 90ರಿಂದ ಭಾಗಿಸಿ ಹೇಳುತ್ತಿದ್ದಾರೆ, ಅಷ್ಟೆ.

ಆ ನಾಲ್ಕೂ ಸಿಗುವುದು ಚಾರ್ಜರ್ ಚುರುಕಾಗಿದ್ದರೆ ಮಾತ್ರ. ಇನ್ವರ್ಟರ್ ಸುಮ್ಮನೆ ಆನ್ ಆಗಿದ್ದರೂ 10ರಿಂದ 15 ವ್ಯಾಟ್ ತಿನ್ನುತ್ತಲೇ ಇರುತ್ತದೆ. ಟೂಲ್ ಕಿಟ್ಟಿನ ಜೊತೆ ಬರುವ 2 ಆಂಪಿಯರ್ ಚಾರ್ಜರ್‌ಗೆ 5 ಎಎಚ್ ಬ್ಯಾಟರಿ ತುಂಬಲು ಮೂರು ಗಂಟೆ ಹತ್ತಿರ ಬೇಕು. ಒಂದಾದ ಮೇಲೊಂದರಂತೆ ಮೂರು ಬ್ಯಾಟರಿ ತುಂಬುವಷ್ಟರಲ್ಲಿ ಎಂಟೂವರೆ ಗಂಟೆ ಕಳೆಯಿತು, ನೂರು ವ್ಯಾಟ್-ಅವರ್ ಇನ್ವರ್ಟರ್‌ನ ಹೊಟ್ಟೆಗೆ ಹೋಯಿತು. ನಾಲ್ಕನೆಯ ಬ್ಯಾಟರಿ ಅರ್ಧವೂ ತುಂಬುವುದಿಲ್ಲ. ಅದೇ ಮಕಿಟಾದ ಡಿಸಿ18ಆರ್‌ಸಿ ಥರದ ವೇಗದ ಚಾರ್ಜರ್ 5 ಎಎಚ್ ಬ್ಯಾಟರಿಯನ್ನು 45 ನಿಮಿಷದಲ್ಲಿ ಮುಗಿಸುತ್ತದೆ. ಮನೆಯಲ್ಲಿ ನಿಧಾನದ ಚಾರ್ಜರ್ ಬ್ಯಾಟರಿಯ ಆಯುಷ್ಯಕ್ಕೆ ಒಳ್ಳೆಯದು, ತೋಟದಲ್ಲಿ ವೇಗದ್ದೇ ಲಾಭ. ನಿಧಾನದ್ದೇ ಇದ್ದರೆ ಎರಡು ಚಾರ್ಜರ್ ಒಟ್ಟಿಗೆ ಹಾಕಿ, ಮುಗಿದ ಕೂಡಲೇ ಎಸಿ ಬಟನ್ ಆಫ್ ಮಾಡಿ.

ವೇಗದ ಚಾರ್ಜರ್‌ಗೂ ಒಂದು ಬೆಲೆಯಿದೆ. ಅದರ ಬೆನ್ನಿಗೆ 240 ವ್ಯಾಟ್ ಎಂದು ಬರೆದಿರುತ್ತದೆ. ಎರಡು ಸೇರಿದರೆ 480. 300 ವ್ಯಾಟ್ ಇನ್ವರ್ಟರ್ ಇರುವ ಸಣ್ಣ ಪೆಟ್ಟಿಗೆ ಅಲ್ಲೇ ಕೈಚೆಲ್ಲುತ್ತದೆ. 500 ವ್ಯಾಟಿನದು ತಡೆದುಕೊಂಡರೂ, ಎರಡನ್ನೂ ಒಂದೇ ಎಕ್ಸ್‌ಟೆನ್ಷನ್ನಿಗೆ ಹಾಕಿ ಒಮ್ಮೆಗೇ ಸ್ವಿಚ್ ಒತ್ತಿದರೆ ಮೊದಲ ಕ್ಷಣದ ಎಳೆತಕ್ಕೆ ಓವರ್‌ಲೋಡ್ ತೋರಿಸಿ ನಿಲ್ಲುವುದುಂಟು. ಒಂದನ್ನು ಹಾಕಿ, ಐದು ಸೆಕೆಂಡ್ ಬಿಟ್ಟು ಇನ್ನೊಂದನ್ನು ಹಾಕಿದರೆ ಈ ರಗಳೆ ಇಲ್ಲ.

ಎಲ್ಲಿ ಕೈಕೊಡುತ್ತದೆ

ಹೆಚ್ಚು ಜನ ಬೈಯುವ ದೋಷ ಇದು: ಹತ್ತು ಗಂಟೆಗೆ ಬ್ಯಾಟರಿ ಹಾಕಿ ಹೋದರು, ಊಟದ ಹೊತ್ತಿಗೆ ಬಂದರೆ ಸ್ಟೇಷನ್ ಆಫ್, ಬ್ಯಾಟರಿ ಖಾಲಿ. ಪೆಟ್ಟಿಗೆ ಕೆಟ್ಟಿದೆ ಎಂದು ವಾಪಸ್ ಕಳಿಸುತ್ತಾರೆ. ಕೆಟ್ಟಿರುವುದಿಲ್ಲ. ಗರಗಸದಿಂದ ಆಗಷ್ಟೇ ಕಿತ್ತ ಬ್ಯಾಟರಿ ಮುಟ್ಟಲಾರದಷ್ಟು ಬಿಸಿಯಿರುತ್ತದೆ. ಒಳಗಿನ ಉಷ್ಣ ಸೆನ್ಸರ್ ನೋಡಿ ಒಳ್ಳೆಯ ಚಾರ್ಜರ್ ತಣಿಯುವ ತನಕ ಕಾಯುತ್ತದೆ. ಕಾಯುವಾಗ ಅದು ಎಳೆಯುವುದು ಒಂದೆರಡು ವ್ಯಾಟ್. ಲೋಡ್ ಇಲ್ಲ ಎಂದುಕೊಂಡು ಸ್ಟೇಷನ್ನಿನ ಪವರ್ ಸೇವಿಂಗ್ ವ್ಯವಸ್ಥೆ ಎಸಿಯನ್ನೇ ಬಂದ್ ಮಾಡುತ್ತದೆ. ಇಬ್ಬರೂ ತಮ್ಮ ತಮ್ಮ ಕೆಲಸ ಸರಿಯಾಗಿಯೇ ಮಾಡಿದ್ದಾರೆ, ಬ್ಯಾಟರಿ ಮಾತ್ರ ತುಂಬಿಲ್ಲ. ಸೆಟ್ಟಿಂಗ್‌ನಲ್ಲಿ ಈ ಆಟೋ ಆಫ್ ತೆಗೆಯುವ ಅವಕಾಶ ಇಲ್ಲದ ಮಾಡೆಲ್ಲನ್ನು ಟೂಲ್ ಕೆಲಸಕ್ಕೆ ಕೊಳ್ಳಲೇಬೇಡಿ. ಇದ್ದರೂ, ಬಿಸಿ ಬ್ಯಾಟರಿಯನ್ನು ಹದಿನೈದು-ಇಪ್ಪತ್ತು ನಿಮಿಷ ನೆರಳಿನಲ್ಲಿಟ್ಟು ಆಮೇಲೆ ಚಾರ್ಜರ್‌ಗೆ ಹಾಕುವುದು ವಾಸಿ. ಜೀಪಿನ ಡ್ಯಾಶ್‌ಬೋರ್ಡ್ ಮೇಲೆ ಬಿಸಿಲಿಗೆ ಇಟ್ಟರೆ ಅದು ತಣಿಯುವುದೇ ಇಲ್ಲ.

ಎರಡನೆಯದು ಅಲೆಯ ಮಾತು. ಪ್ಯೂರ್ ಸೈನ್ ವೇವ್ (ಮನೆಯ ಕರೆಂಟಿನಂತೆ ನಯವಾಗಿ ಏರಿಳಿಯುವ ಅಲೆ) ಎಂದು ಬರೆದಿರಲೇಬೇಕು. ಮನೆಗಳಲ್ಲಿರುವ ಹಳೆಯ ಸ್ಕ್ವೇರ್ ವೇವ್ ಯುಪಿಎಸ್‌ನಲ್ಲಿ ಕೆಲವು ಚಾರ್ಜರ್‌ಗಳು ಗುಂಯ್ ಎನ್ನುತ್ತ ಬಿಸಿಯಾಗುತ್ತವೆ, ಕೆಲವು ಕೆಂಪು ದೀಪ ಮಿನುಗಿಸಿ ಕೂತುಬಿಡುತ್ತವೆ. ಮಕಿಟಾ ಚಾರ್ಜರ್‌ನ ಕೈಪಿಡಿಯಲ್ಲಂತೂ ಎಂಜಿನ್ ಜನರೇಟರ್‌ಗೆ, ಸ್ಟೆಪ್-ಅಪ್ ಟ್ರಾನ್ಸ್‌ಫಾರ್ಮರ್‌ಗೆ, ಡಿಸಿ ಸಾಕೆಟ್‌ಗೆ ಹಾಕಬೇಡಿ ಎಂದು ಸ್ಪಷ್ಟವಾಗಿ ಇದೆ. ಕಾರಣ, ಹೊಗೆ ಕಾರುವ ಸಾಮಾನ್ಯ ಜನರೇಟರ್‌ನ ವೋಲ್ಟೇಜ್ ಲೋಡ್ ಬದಲಾದ ಹಾಗೆ ಏರಿಳಿಯುತ್ತದೆ. ಬೇರೆಕಡೆಯಿಂದ ತರಿಸಿದ ಪೆಟ್ಟಿಗೆಯಾದರೆ 230 ವೋಲ್ಟ್, 50 ಹರ್ಟ್ಸ್ ಎಂದಿದೆಯೇ ಎಂದೂ ನೋಡಿ. 110 ವೋಲ್ಟಿನದನ್ನು ಅಗ್ಗಕ್ಕೆ ದಾಟಿಸುವವರಿದ್ದಾರೆ.

ಮೂರನೆಯದು ನೀರು. ಈ ಪೆಟ್ಟಿಗೆಗಳಲ್ಲಿ ಫ್ಯಾನ್ ಇದೆ, ಅದು ಹೊರಗಿನ ಗಾಳಿಯನ್ನು ನೇರ ಸರ್ಕ್ಯೂಟ್ ಮೇಲೆ ಎಳೆಯುತ್ತದೆ. ಮಂಜು ಕವಿದ ಬೆಳಿಗ್ಗೆ ತೋಟದ ಗಾಳಿ ಎಂಥದ್ದು ಎಂದು ಇಲ್ಲಿಯವರಿಗೆ ಹೇಳಬೇಕಿಲ್ಲ. ನೆಲಕ್ಕೆ ಇಡಬೇಡಿ, ಪ್ಲಾಸ್ಟಿಕ್ ಕ್ರೇಟ್ ಮಗುಚಿ ಅದರ ಮೇಲಿಡಿ. ಟಾರ್ಪಾಲು ಹೊದಿಸುವುದಾದರೆ ಗೂಡಿನಂತೆ ಎತ್ತರಕ್ಕೆ ಕಟ್ಟಿ. ಮೈಗೆ ಸುತ್ತಿದರೆ ಗಾಳಿ ಆಡದೆ ಅರ್ಧ ಗಂಟೆಯಲ್ಲಿ ಬಿಸಿಯೇರಿ ನಿಲ್ಲುತ್ತದೆ. ಬೆಚ್ಚಗಿರುವ ಕಡೆ ಇರುವೆ ಗೂಡು ಕಟ್ಟುವುದೂ ತಮಾಷೆಯ ಮಾತಲ್ಲ. ವಾರಗಟ್ಟಲೆ ಗೋದಾಮಿನಲ್ಲಿಟ್ಟ ಪೆಟ್ಟಿಗೆಯನ್ನು ಆನ್ ಮಾಡುವ ಮೊದಲು ಗಾಳಿಕಿಂಡಿಗೆ ಟಾರ್ಚ್ ಹಿಡಿದು ನೋಡಿ. ಬೋರ್ಡೋ ಸಿಂಪಡಣೆಗೆ ತಂದ ಮೈಲುತುತ್ತಿನ ಚೀಲದ ಪಕ್ಕದಲ್ಲಿ ಬ್ಯಾಟರಿ, ಚಾರ್ಜರ್ ಹೇರಿಕೊಂಡು ಹೋಗುವುದನ್ನು ಬಿಡಿ. ಒದ್ದೆ ಕೈಯ ಮೈಲುತುತ್ತು ಟರ್ಮಿನಲ್ಲಿನ ಲೋಹವನ್ನು ತಿನ್ನುತ್ತದೆ. ಹಸಿರು ಹಿಡಿದ ಟರ್ಮಿನಲ್ ಚಾರ್ಜ್ ಆಗುವಾಗ ಕಾದು ಪ್ಲಾಸ್ಟಿಕ್ಕನ್ನು ಕರಗಿಸುತ್ತದೆ.

ಇವೆಲ್ಲಕ್ಕಿಂತ ಅಪಾಯದ್ದು ಬೇರೆಯಿದೆ, ಅದಕ್ಕೂ ಸ್ಟೇಷನ್ನಿಗೂ ಸಂಬಂಧವಿಲ್ಲ. ಅಗ್ಗದ ಕಸಿ ಕತ್ತರಿಯಲ್ಲಿ ಹಲವು ನಾಲ್ಕು ಸೆಲ್ಲಿನವು, ಅವಕ್ಕೆ 16.8 ವೋಲ್ಟ್ ಚಾರ್ಜರ್. ಅಗ್ಗದ ಗರಗಸ ಐದು ಸೆಲ್ಲಿನದು, ಅದಕ್ಕೆ 21 ವೋಲ್ಟ್ ಚಾರ್ಜರ್. ಎರಡರ ದುಂಡು ಪಿನ್ನೂ ಅನೇಕ ಸಲ ಒಂದೇ ಅಳತೆ. ತೋಟದ ಡಬ್ಬದಲ್ಲಿ ಎರಡೂ ಕಪ್ಪು ಚಾರ್ಜರ್ ಬೆರೆತು, 21ರದ್ದು 16.8ರ ಬ್ಯಾಟರಿಗೆ ಬಿದ್ದರೆ ಒಳಗಿನ ರಕ್ಷಣಾ ಬೋರ್ಡ್ ಗಟ್ಟಿಯಿದ್ದರೆ ಉಳಿಯಿತು, ಇಲ್ಲದಿದ್ದರೆ ಬೆಂಕಿ. ಚಾರ್ಜರ್‌ನ ಪಿನ್ನಿಗೂ ಬ್ಯಾಟರಿಗೂ ಒಂದೇ ಬಣ್ಣದ ಪೇಂಟ್ ಬಳಿಯಿರಿ. ಕತ್ತರಿಗೆ ಹಳದಿ, ಗರಗಸಕ್ಕೆ ಕೆಂಪು. ಓದು ಬಾರದವರ ಕೈಗೂ ಇದು ಸಲ್ಲುತ್ತದೆ. ಸ್ಟೇಷನ್ನಿನ 12 ವೋಲ್ಟ್ ದುಂಡು ಪಿನ್ನಿನಿಂದ ನೇರ ಬ್ಯಾಟರಿ ತುಂಬುವ ಪ್ರಯತ್ನವೂ ಬೇಡ. 12ರಿಂದ 16.8ರ ಬ್ಯಾಟರಿ ತುಂಬುವುದಿಲ್ಲ. ಬೂಸ್ಟ್ ಬೋರ್ಡ್ ಹಾಕಿ ವೋಲ್ಟೇಜ್ ಏರಿಸಿ ಟರ್ಮಿನಲ್ಲಿಗೆ ಕೊಟ್ಟರೆ ತುಂಬುತ್ತದೆ, ಆದರೆ ಉಷ್ಣ ಸೆನ್ಸರನ್ನು ಕೇಳುವವರೇ ಇರುವುದಿಲ್ಲ.

ಬಿಸಿಲು, ನೆರಳು, ಮಳೆ

100 ವ್ಯಾಟ್ ಎಂದು ಬರೆದ ಮಡಚುವ ಪ್ಯಾನೆಲ್ ಫೆಬ್ರುವರಿಯ ಮಧ್ಯಾಹ್ನದ ನೆತ್ತಿ ಬಿಸಿಲಿಗೆ ಕೊಡುವುದು 65ರಿಂದ 75 ವ್ಯಾಟ್. ಬಿಸಿಲಿಗೆ ಮುಖ ತಿರುಗಿಸುತ್ತ ಇಡೀ ದಿನ ಕಾದರೆ 400 ವ್ಯಾಟ್-ಅವರ್ ಆಸುಪಾಸು. ಬಯಲುಸೀಮೆಗೆ ಇದು ಸಾಕು. ಅರಸೀಕೆರೆ, ಕಡೂರು ಕಡೆ ತೆಂಗಿನ ತೋಟದ ಅಂಚಿನಲ್ಲಿ ಪ್ಯಾನೆಲ್ ಇಟ್ಟರೆ ಹೊಟ್ಟೆ ತುಂಬ ಕೆಲಸ ಕೊಡುತ್ತದೆ. ಕಾಫಿ ತೋಟದ ಕಥೆ ಬೇರೆ. ಸಿಲ್ವರ್ ಓಕ್, ಹಾಲುವಾಣ, ಅತ್ತಿ ನೆರಳಿನ ಕೆಳಗೆ ಬಿಸಿಲು ಚುಕ್ಕೆ ಚುಕ್ಕೆಯಾಗಿ ಬೀಳುತ್ತದೆ. ಪ್ಯಾನೆಲ್ಲಿನ ಸೆಲ್‌ಗಳೆಲ್ಲ ಸರಪಳಿಯಂತೆ ಒಂದಕ್ಕೊಂದು ಸೇರಿವೆ. ಒಂದು ಸೆಲ್ಲಿನ ಮೇಲೆ ಅತ್ತಿ ಎಲೆಯಷ್ಟು ನೆರಳು ಬಿದ್ದರೂ ಆ ಸಾಲೇ ಮಲಗುತ್ತದೆ, ಅರ್ಧ ಪ್ಯಾನೆಲ್ ಹೋದಂತೆ. ಕೆಲಸ ನಡೆಯುವ ಜಾಗದಲ್ಲೇ ಪ್ಯಾನೆಲ್ ಬಿಡಿಸುವುದು ಇಲ್ಲಿ ಶೋಕಿಯಷ್ಟೇ. ಕಣದ ಅಂಚು, ಲೈನ್ ಮನೆಯ (ಆಳುಗಳ ಸಾಲುಮನೆಯ) ಷೀಟು, ಕೆರೆ ಏರಿ, ಇವೇ ಅದರ ಜಾಗ. ಸ್ಟೇಷನ್ನನ್ನು ಅಲ್ಲಿಯೇ ಬಿಟ್ಟು ಬ್ಯಾಟರಿಗಳನ್ನಷ್ಟೇ ತೋಟಕ್ಕೆ ಒಯ್ಯುವುದು ಸರಿ.

ಇನ್ನೂ ಒಂದು ಎಚ್ಚರಿಕೆ, ಏಕೆಂದರೆ ಈ ತಪ್ಪಿನಿಂದ ಪೆಟ್ಟಿಗೆಯೇ ಸುಡುತ್ತದೆ. ಈ ಅಳತೆಯ ಅನೇಕ ಸ್ಟೇಷನ್‌ಗಳ ಸೋಲಾರ್ ಕಿಂಡಿ ತಡೆಯುವುದು 28 ಅಥವಾ 30 ವೋಲ್ಟ್ ತನಕ. ಒಂದು 100 ವ್ಯಾಟ್ ಪ್ಯಾನೆಲ್ಲಿನ ಓಪನ್ ಸರ್ಕ್ಯೂಟ್ ವೋಲ್ಟೇಜ್ (ಯಾವುದಕ್ಕೂ ಜೋಡಿಸದಿರುವಾಗಿನದು) 22ರಿಂದ 24. ಬೇಗ ತುಂಬಲಿ ಎಂದು ಎರಡನ್ನು ಸೀರೀಸ್ (ಒಂದರ ಪ್ಲಸ್ ಇನ್ನೊಂದರ ಮೈನಸ್‌ಗೆ) ಮಾಡಿದರೆ 45 ದಾಟಿತು. ಪ್ಯಾರಲಲ್ (ಪ್ಲಸ್‌ಗೆ ಪ್ಲಸ್, ಮೈನಸ್‌ಗೆ ಮೈನಸ್) ಮಾಡಬೇಕು, ಅದಕ್ಕೆ ಎಂಸಿ4 ಎಂಬ ಸೋಲಾರ್ ಪ್ಲಗ್ಗಿನ ವೈ ಆಕಾರದ ಜೋಡಣೆ ಸಿಗುತ್ತದೆ. ಚಳಿಯ ಮುಂಜಾನೆ ಪ್ಯಾನೆಲ್ ವೋಲ್ಟೇಜ್ ಇನ್ನೂ ತುಸು ಏರುತ್ತದೆ ಎಂಬುದೂ ನೆನಪಿರಲಿ.

ಮಳೆಗಾಲಕ್ಕೆ ಪ್ಯಾನೆಲ್ಲನ್ನು ಒರೆಸಿ ಒಳಗಿಡಿ. ಪುನರ್ವಸು, ಪುಷ್ಯ, ಆಶ್ಲೇಷ ಮಳೆಗಳಲ್ಲಿ ಕಳಸದ ಕಡೆ ಮೋಡ ಕವಿದ ನಡುಹಗಲಿನಲ್ಲಿ 100 ವ್ಯಾಟ್ ಪ್ಯಾನೆಲ್ 10-15 ವ್ಯಾಟ್ ಕೊಟ್ಟರೆ ಹೆಚ್ಚು. ಅದು ಇನ್ವರ್ಟರ್ ಸುಮ್ಮನೆ ಕೂರುವ ಖರ್ಚಿಗೇ ಸರಿ. ಆದರೆ ಪವರ್ ಸ್ಟೇಷನ್ ಎಂಬ ಈ ಕೊಡದ ನಿಜವಾದ ಉಪಯೋಗವೂ ಆ ಕಾಲದ್ದೇ. ಮರ ಬಿದ್ದು ಲೈನ್ ಹರಿದರೆ, ಅತ್ತ ಮೆಸ್ಕಾಂ ಆಗಲಿ ಇತ್ತ ಸೆಸ್ಕ್ ಆಗಲಿ, ಒಳಗಿನ ತೋಟಗಳಿಗೆ ಕರೆಂಟ್ ಬರುವುದು ದಿನಗಳ ಮಾತು. ದಾರಿಗೆ ಅಡ್ಡ ಬಿದ್ದ ಮರ ಕೊಯ್ಯಲು ಗರಗಸ ಬೇಕಾಗುವುದೂ ಅದೇ ಹೊತ್ತಿಗೆ. ಗಾಳಿಮಳೆಯ ಸೂಚನೆ ಕಂಡ ದಿನವೇ ಸ್ಟೇಷನ್ನು, ಬ್ಯಾಟರಿಗಳು ತುಂಬಿರಬೇಕು.

ಜೀಪಿನಿಂದ ತುಂಬಿಸಿದರೆ?

ಸಿಗರೇಟ್ ಲೈಟರ್ ಸಾಕೆಟ್ಟಿನ ಫ್ಯೂಸ್ ಸಾಮಾನ್ಯವಾಗಿ 10 ಆಂಪಿಯರ್, ಅಂದರೆ 120 ವ್ಯಾಟ್. ಸ್ಟೇಷನ್ ಅದರಿಂದ ನೂರರ ಹತ್ತಿರ ಎಳೆಯುತ್ತದೆ. ಚಿಕ್ಕಮಗಳೂರಿನಿಂದ ಬೇಲೂರು ಮೇಲೆ ಹಾಸನಕ್ಕೆ ಹೋಗುವ ಒಂದೂವರೆ ಗಂಟೆಯಲ್ಲಿ 150 ವ್ಯಾಟ್-ಅವರ್ ಬಂತು. ಒಂದು ಬ್ಯಾಟರಿಗೆ ಸಾಕು, ಎರಡಕ್ಕೆ ಸಾಲದು. ಆ ಸಾಕೆಟ್ಟಿಗೆ ಸಣ್ಣ ಇನ್ವರ್ಟರ್ ಸಿಕ್ಕಿಸಿ ವೇಗದ ಚಾರ್ಜರ್ ಹಾಕಿದರೆ ಫ್ಯೂಸ್ ಹಾರುತ್ತದೆ. ದೊಡ್ಡ ಫ್ಯೂಸ್ ಹಾಕಿದರೆ ಡ್ಯಾಶ್‌ಬೋರ್ಡಿನೊಳಗಿನ ತೆಳು ವೈರ್ ಸುಡುತ್ತದೆ. ನೇರ ಜೀಪಿನ ಬ್ಯಾಟರಿಗೆ ಕ್ಲಿಪ್ ಹಾಕುವವರು ಎಂಜಿನ್ ಓಡುತ್ತಿರುವಾಗಲೇ ಹಾಕಬೇಕು. ಇಂಥ ಇನ್ವರ್ಟರ್‌ಗಳು ತಾವಾಗಿ ನಿಲ್ಲುವುದು ಸಾಮಾನ್ಯವಾಗಿ 10.5 ವೋಲ್ಟಿಗೆ. ಅಷ್ಟು ಇಳಿಯುವ ಎಷ್ಟೋ ಮೊದಲೇ ಜೀಪ್ ಸ್ಟಾರ್ಟ್ ಆಗುವ ಶಕ್ತಿ ಕಳೆದುಕೊಂಡಿರುತ್ತದೆ. ಆಮೇಲೆ ತಳ್ಳಲು ಆಳು ಕರೆಯಬೇಕು, ಏರಿನಲ್ಲಿ.

ಕೈಯಾರೆ ಜೋಡಿಸುವ ಡಬ್ಬ

ತಂತಿ ಕೆಲಸ ಗೊತ್ತಿದ್ದವರಿಗೆ ನಮ್ಮ ಮತ ಇದಕ್ಕೇ. 12.8 ವೋಲ್ಟ್ 100 ಎಎಚ್ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ, ಅಂದರೆ 1280 ವ್ಯಾಟ್-ಅವರ್, ತೂಕ 11ರಿಂದ 13 ಕಿಲೋ. ಜೊತೆಗೆ 600 ವ್ಯಾಟ್ ಪ್ಯೂರ್ ಸೈನ್ ಇನ್ವರ್ಟರ್. ಇಷ್ಟೇ ಶಕ್ತಿಯ ಸಿದ್ಧ ಪೆಟ್ಟಿಗೆಗಿಂತ ಗಣನೀಯವಾಗಿ ಅಗ್ಗ, ಇನ್ವರ್ಟರ್ ಸುಟ್ಟರೆ ಅದೊಂದನ್ನೇ ಬದಲಿಸಬಹುದು. ಸಿದ್ಧ ಪೆಟ್ಟಿಗೆ ಕೆಟ್ಟರೆ ಇಡೀ ಗಂಟನ್ನೇ ಕಳಿಸಬೇಕು, ದೊಡ್ಡ ಲಿಥಿಯಂ ಬ್ಯಾಟರಿಯನ್ನು ಎಲ್ಲ ಕೊರಿಯರ್‌ನವರೂ ಮುಟ್ಟುವುದಿಲ್ಲ. 5 ಎಎಚ್ ಬ್ಯಾಟರಿ ಹತ್ತು ತುಂಬುತ್ತದೆ.

600 ವ್ಯಾಟ್ ಪೂರ್ತಿ ಎಳೆದಾಗ 12 ವೋಲ್ಟ್ ಕಡೆ 55 ಆಂಪಿಯರ್ ದಾಟುತ್ತದೆ. ಇನ್ವರ್ಟರ್‌ಗೆ 16 ಚದರ ಮಿಲಿಮೀಟರ್ ತಾಮ್ರದ ವೈರ್, ಉದ್ದ ಅರ್ಧ ಮೀಟರ್ ಮೀರದಂತೆ. ಪಾಸಿಟಿವ್ ಟರ್ಮಿನಲ್ಲಿನಿಂದ ಒಂದು ಗೇಣಿನೊಳಗೆ 80 ಆಂಪಿಯರ್ ಫ್ಯೂಸ್. ಮನೆ ವೈರಿಂಗ್‌ನಲ್ಲಿ ಉಳಿದ 4 ಚದರ ಮಿಲಿಮೀಟರ್ ತಂತಿಯನ್ನು ಮೂರು ಮೀಟರ್ ಎಳೆದು 25 ಆಂಪಿಯರ್ ಹರಿಸಿದರೂ ಹೋಗಿಬರುವ ದಾರಿಯಲ್ಲಿ 0.7 ವೋಲ್ಟ್ ಸೋರಿಹೋಗುತ್ತದೆ. ಇನ್ವರ್ಟರ್ ಬ್ಯಾಟರಿ ಕಡಿಮೆಯೆಂದು ಕೂಗುತ್ತದೆ, ಬ್ಯಾಟರಿ ತುಂಬಿಯೇ ಇರುತ್ತದೆ. ಉದ್ದ ಬೇಕಿದ್ದರೆ 230 ವೋಲ್ಟ್ ಕಡೆ ಎಳೆಯಿರಿ. ವೈರ್ ತುದಿಗೆ ಲಗ್ (ಬೋಲ್ಟಿಗೆ ಕೂರುವ ಲೋಹದ ಬಳೆ) ಒತ್ತಲು ಸುತ್ತಿಗೆ ಸಾಲದು, ಕ್ರಿಂಪಿಂಗ್ ಟೂಲ್ ಬೇಕು. ಹಾಸನದ ಬಿ.ಎಂ. ರಸ್ತೆಯಲ್ಲೋ ಚಿಕ್ಕಮಗಳೂರಿನ ಪೇಟೆಯಲ್ಲೋ ವಾಹನದ ಎಲೆಕ್ಟ್ರಿಷಿಯನ್ ಒಬ್ಬರ ಕೈಯಲ್ಲಿ ಒತ್ತಿಸಿಕೊಳ್ಳಿ.

ವೋಲ್ಟ್‌ಮೀಟರ್ ನೋಡಿ ಎಷ್ಟು ಉಳಿದಿದೆ ಎಂದು ಹೇಳಲು ಈ ಬ್ಯಾಟರಿಯಲ್ಲಿ ಆಗುವುದಿಲ್ಲ. ಚಾರ್ಜ್ ನೂರಕ್ಕೆ 80 ಭಾಗದಿಂದ 40 ಭಾಗಕ್ಕೆ ಇಳಿದರೂ 13.2ರ ಆಚೀಚೆ ನಿಂತಿರುತ್ತದೆ, ಆಮೇಲೆ ಜಾರಿ ಬೀಳುತ್ತದೆ. ಶಂಟ್ ಇರುವ ಮೀಟರ್ ಹಾಕಿ, ಅದು ಹೋದ ಬಂದ ಆಂಪಿಯರ್ ಎಣಿಸುತ್ತದೆ. ಚಾರ್ಜರ್ 14.6 ವೋಲ್ಟಿನ ಲಿಥಿಯಂ ಚಾರ್ಜರ್ ಆಗಿರಬೇಕು. ಮನೆಯ ಯುಪಿಎಸ್‌ನ ಹಳೆಯ 150 ಎಎಚ್ ಟ್ಯೂಬುಲರ್ ಬ್ಯಾಟರಿಯನ್ನೇ ಪಿಕಪ್‌ಗೆ ಹಾಕಿಕೊಂಡು ಹೋದರಾಗದೇ ಎಂದು ಕೇಳುವವರಿದ್ದಾರೆ. ಐವತ್ತು ಚಿಲ್ಲರೆ ಕಿಲೋ, ತೋಟದ ರಸ್ತೆಯ ಕುಲುಕಿಗೆ ಆಸಿಡ್ ಚೆಲ್ಲುತ್ತದೆ, ಅರ್ಧಕ್ಕಿಂತ ಹೆಚ್ಚು ಬಳಸಿದರೆ ಆಯುಷ್ಯ ಹೋಗುತ್ತದೆ. ಬೇಡ.

ಯಾರಿಗೆ ಯಾವುದು

ಐದಾರು ಎಕರೆಯ ಬೆಳೆಗಾರರಿಗೆ ಇವ್ಯಾವುದೂ ಬೇಡ. ಆ ದುಡ್ಡಿನ ಒಂದು ಪಾಲಿಗೆ ಎರಡು ಬ್ಯಾಟರಿ ಹೆಚ್ಚಿಗೆ ಕೊಂಡು ರಾತ್ರಿ ಮನೆಯಲ್ಲಿ ತುಂಬಿಸಿಕೊಳ್ಳಿ. ಎರಡು ಕಸಿ ಕತ್ತರಿ, ಒಂದು ಸಣ್ಣ ಗರಗಸದ ದಿನದ ಖರ್ಚು 475 ವ್ಯಾಟ್-ಅವರ್ ಎಂದಿಟ್ಟುಕೊಂಡರೂ, ಕತ್ತರಿಯ ಬ್ಯಾಟರಿಗಳೂ ಗರಗಸದ ಎರಡೂ ತುಂಬಿಕೊಂಡೇ ಹೊರಡುತ್ತವೆ. ತೋಟದಲ್ಲಿ ತುಂಬಬೇಕಾದ್ದು ಗರಗಸದ ಇನ್ನೆರಡು ಮಾತ್ರ. ಅದಕ್ಕೆ ಸ್ಟೇಷನ್ನಿನಿಂದ 240 ಸಾಕು, ಆ ಎರಡನ್ನೂ ಹೆಚ್ಚಿಗೆ ಕೊಂಡಿದ್ದರೆ ಅದೂ ಬೇಡ. ದೂರದ ಬ್ಲಾಕ್‌ಗಳಿರುವ ದೊಡ್ಡ ತೋಟಕ್ಕೆ, ಬೇಲಿ ಕೆಲಸದ ಗುತ್ತಿಗೆದಾರರಿಗೆ 500ರ ಪೆಟ್ಟಿಗೆ ಅಥವಾ ಮೇಲೆ ಹೇಳಿದ ಡಬ್ಬ ತಕ್ಕದ್ದು.

ಕಳೆ ಹೊಡೆಯುವ ಬ್ಯಾಟರಿ ಯಂತ್ರವನ್ನು ಈ ಲೆಕ್ಕದಲ್ಲಿ ಸೇರಿಸಲೇಬೇಡಿ. 18 ವೋಲ್ಟಿನ ಎರಡು 5 ಎಎಚ್ ಬ್ಯಾಟರಿ ಹಾಕಿ 700 ವ್ಯಾಟ್ ಎಳೆದರೆ ಹದಿನೈದು ನಿಮಿಷ. ಲೀಟರ್ ಪೆಟ್ರೋಲಿನಲ್ಲಿ ಸುಮಾರು 9 ಕಿಲೋವ್ಯಾಟ್-ಅವರ್ ಶಾಖವಿದೆ. ಟು ಸ್ಟ್ರೋಕ್ ಎಂಜಿನ್ ಅದರ ಏಳನೇ ಒಂದು ಪಾಲನ್ನು ಮಾತ್ರ ಬ್ಲೇಡಿಗೆ ಮುಟ್ಟಿಸಿದರೂ 5 ಎಎಚ್ ಬ್ಯಾಟರಿ ಹದಿನಾಲ್ಕಕ್ಕೆ ಸಮ. ನೂರು ರೂಪಾಯಿ ದಾಟಿದ ಪೆಟ್ರೋಲಿಗೆ ಬೈದುಕೊಂಡೇ ಹಾಕಿಸಿ.

ಕೆಲಸವಿಲ್ಲದ ತಿಂಗಳುಗಳಲ್ಲಿ ಟೂಲ್ ಬ್ಯಾಟರಿಯನ್ನೂ ಸ್ಟೇಷನ್ನನ್ನೂ ಅರ್ಧ ತುಂಬಿಸಿ ಒಣಗಿದ ಕಡೆ ಇಡಿ, ಮೂರು ತಿಂಗಳಿಗೊಮ್ಮೆ ನೋಡಿ. ಅಟ್ಟದ ಮೇಲೆ, ಒಲೆಯ ಹೊಗೆ ತಾಗುವಲ್ಲಿ ಬೇಡ.

ಕೊಳ್ಳುವಾಗ ಅಂಗಡಿಗೆ ನಿಮ್ಮದೇ ಚಾರ್ಜರ್, ಪೂರ್ತಿ ಖಾಲಿಯಾದ ಬ್ಯಾಟರಿ ಒಯ್ಯಿರಿ. ಸ್ಟೇಷನ್ನಿಗೆ ಹಾಕಿಸಿ ಹತ್ತು ನಿಮಿಷ ನಿಂತು ನೋಡಿ: ದೀಪ ಮಿನುಗದೆ ನಿಂತಿದೆಯೇ, ಪರದೆಯ ಮೇಲಿನ ವ್ಯಾಟ್ ಅಂಕಿ ಸ್ಥಿರವೇ, ಚಾರ್ಜರ್ ಗುಂಯ್ ಎನ್ನುತ್ತದೆಯೇ. ಮನೆಗೆ ತಂದ ಮೇಲೆ ಅದೇ ಪರದೆಯಿಂದ ಇನ್ನೊಂದು ಕೆಲಸವೂ ಆಗುತ್ತದೆ. ಖಾಲಿ ಬ್ಯಾಟರಿ ತುಂಬುವಾಗ ಸರಾಸರಿ ಎಷ್ಟು ವ್ಯಾಟ್, ಎಷ್ಟು ಗಂಟೆ ಎಂದು ಗುಣಿಸಿ. 5 ಎಎಚ್ ಎಂದು ಬರೆದ ಬ್ಯಾಟರಿ 105ರ ಸುತ್ತ ಎಳೆದರೆ ಅಸಲಿ. 40ಕ್ಕೇ ಹಸಿರು ದೀಪ ಬಂದರೆ ಕಿರಾಣಿ ಅಂಗಡಿಯ ತಕ್ಕಡಿಗೆ ಹಾಕಿ. ಹತ್ತು ಸೆಲ್ಲಿನ ಬ್ಯಾಟರಿ 600 ಗ್ರಾಂ ಮೇಲೆ ತೂಗಬೇಕು. 350 ತೂಗಿದರೆ ಒಳಗಿರುವುದು ಐದೇ ಸೆಲ್, ಉಳಿದದ್ದು ಪ್ಲಾಸ್ಟಿಕ್ಕು.